ಶಿರಸಿಯಿಂದ ಹೊರಟವರಿಗೆ ಚಳಿಗಿಂತ ಬಡ್ಡಿ ಜಾಸ್ತಿ ಕಾಡುತ್ತದೆ

ಮಗನೋ ಮಗಳೋ ಓದಲಿಕ್ಕೆ ಹೊರದೇಶಕ್ಕೆ ಹೋಗಿದ್ದಾರೆ ಅಂತ ಗೊತ್ತಾದರೆ ನಮ್ಮ ಕಡೆ ಎರಡು ಪ್ರಶ್ನೆ ಗ್ಯಾರಂಟಿ. ಅಲ್ಲಿ ಚಳಿ ಹೇಗಂತೆ? ಊಟಕ್ಕೆ ಏನು ಮಾಡ್ಕೋತಾರಂತೆ? ಮದುವೆ ಮನೆಯ ಪಂಕ್ತಿಯಲ್ಲೂ ಇದೇ, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರದ್ದೂ ಇದೇ. ಸಾಲ ಎಷ್ಟಾಯಿತು ಅಂತ ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದರೆ ಚೆನ್ನಾಗಿರುವುದಿಲ್ಲ ಅಲ್ವಾ.

ಈ ಮಕ್ಕಳ ಬಗ್ಗೆ ಬರುವ ಬರಹಗಳೂ ಹೆಚ್ಚುಕಡಿಮೆ ಆ ಎರಡು ಪ್ರಶ್ನೆಗಳ ಸುತ್ತಲೇ ತಿರುಗುತ್ತವೆ. ಚಳಿ, ಊಟ, ಭಾಷೆ, ದೀಪಾವಳಿ ದಿನ ಬರುವ ಅಳು. ಸುಳ್ಳೇನಲ್ಲ. ಆದರೆ ಅದು ಮೊದಲ ಸೆಮಿಸ್ಟರಿನ ಮಾತು. ಅನ್ನ-ಸಾರು ಮಾಡಲಿಕ್ಕೆ ಎರಡು ವಾರದಲ್ಲಿ ಬರುತ್ತದೆ. ದಪ್ಪ ಜಾಕೆಟ್ ಅಂಗಡಿಯಲ್ಲಿ ಸಿಗುತ್ತದೆ. ಆಮೇಲೆ ಅವರು ಯಾವ ಕೆಲಸ ಹಿಡಿಯುತ್ತಾರೆ, ಮನೆಗೆ ಏನು ಹೇಳುತ್ತಾರೆ, ಏನನ್ನು ಮುಚ್ಚಿಡುತ್ತಾರೆ, ವಾಪಸ್ ಬರುತ್ತಾರೋ ಇಲ್ಲವೋ, ತಮ್ಮನ್ನು ಎಲ್ಲಿಯವರು ಅಂದುಕೊಳ್ಳುತ್ತಾರೆ ಅನ್ನುವುದನ್ನೆಲ್ಲ ತೀರ್ಮಾನಿಸುವುದು ಬ್ಯಾಂಕಿನ ಸಾಲ ಮತ್ತು ವೀಸಾದ ತಾರೀಕು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಮಟ್ಟಿಗೆ ಇನ್ನೂ ಒಂದಿದೆ. ಊರಲ್ಲಿ ಇಬ್ಬರೇ ಉಳಿದ ಅಪ್ಪ-ಅಮ್ಮ.

ಮೊದಲು ಸಾಲ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಉತ್ತರ ಕನ್ನಡದಲ್ಲಿ ಆಸ್ತಿ ಇದ್ದವರು ಬೇಕಾದಷ್ಟಿದ್ದಾರೆ. ಆದರೆ ಬ್ಯಾಂಕು ಕೇಳುವ ಥರದ ಆಸ್ತಿ ಇದ್ದವರು ಕಡಿಮೆ. ಸರ್ಕಾರಿ ಬ್ಯಾಂಕುಗಳ ಶಿಕ್ಷಣ ಸಾಲ ಸಾಮಾನ್ಯವಾಗಿ 7.5 ಲಕ್ಷ ದಾಟಿದರೆ ಅಡಮಾನ ಕೇಳುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕುಟುಂಬದ ಹತ್ತಿರ ಇರುವುದು ಅಡಿಕೆ ತೋಟ. ಸಾಲ ಕಟ್ಟದಿದ್ದರೆ ಕೋರ್ಟಿಗೆ ಹೋಗದೆಯೇ ಅಡವಿಟ್ಟ ಆಸ್ತಿಯನ್ನು ಹರಾಜು ಹಾಕುವ ಅಧಿಕಾರವನ್ನು ಬ್ಯಾಂಕಿಗೆ ಕೊಟ್ಟದ್ದು 2002ರ ಸರ್ಫೇಸಿ ಕಾಯ್ದೆ. ಅದರ 31ನೇ ಕಲಮು ಕೃಷಿ ಜಮೀನನ್ನು ಹೊರಗಿಟ್ಟಿದೆ. ರೈತನ ಜಮೀನು ಉಳಿಯಲಿ ಅಂತ ಮಾಡಿದ ಒಳ್ಳೆಯ ನಿಯಮವೇ. ಆದರೆ ಹರಾಜು ಹಾಕಲಾಗದ ಜಮೀನನ್ನು ಬ್ಯಾಂಕು ಯಾಕೆ ಅಡವಿಟ್ಟುಕೊಳ್ಳುತ್ತದೆ? ಹಾಗಾಗಿ ಪಹಣಿ ತೋರಿಸಿದರೆ ಮ್ಯಾನೇಜರ್ ನಯವಾಗಿ ತಲೆಯಾಡಿಸಿ, ಎನ್‌ಎ (ಕೃಷಿಯೇತರ) ಆದ ಸೈಟು ಇದೆಯಾ, ಪೇಟೆಯಲ್ಲಿ ಮನೆ ಇದೆಯಾ ಅಂತ ಕೇಳುತ್ತಾರೆ.

ತೋಟದ ಪಕ್ಕದ ಮನೆ ಇದೆ. ಅಜ್ಜನ ಕಾಲದ್ದು, ಎರಡು ಅಂಕಣ ಜಾಸ್ತಿಯೇ ಇದೆ. ಆದರೆ ಅದಕ್ಕೆ ಇ-ಸ್ವತ್ತು, ಅಂದರೆ ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆ, ಆಗಿರುವುದಿಲ್ಲ. ಸೊಪ್ಪಿನ ಬೆಟ್ಟ ಅರಣ್ಯದ್ದು, ನಮಗಿರುವುದು ಸೊಪ್ಪು ತರುವ ಹಕ್ಕು ಅಷ್ಟೇ. ಘಟ್ಟದ ಕೆಳಗೆ ಇಳಿದರೆ ಕಷ್ಟ ಇನ್ನೊಂದು ಥರ. ಜಿಲ್ಲೆಯ ಬಹುಪಾಲು ಭೂಮಿ ಅರಣ್ಯದ ಲೆಕ್ಕದಲ್ಲಿರುವುದರಿಂದ ಅಂಕೋಲಾ, ಹೊನ್ನಾವರ, ಕುಮಟಾದಲ್ಲಿ ತಲೆಮಾರುಗಳಿಂದ ಇರುವ ಎಷ್ಟೋ ಮನೆಗಳಿಗೆ ಹಕ್ಕುಪತ್ರವೇ ಇಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿದರೆ ಬುಡಕಟ್ಟಿನವರಲ್ಲದವರು 75 ವರ್ಷ ಅಲ್ಲೇ ಇದ್ದದ್ದಕ್ಕೆ ದಾಖಲೆ ಕೊಡಬೇಕು. ಅಂಥ ಮನೆಯ ಹುಡುಗಿ ಎಷ್ಟೇ ಮಾರ್ಕ್ಸ್ ತೆಗೆದರೂ ಅವಳ ಅಪ್ಪನಿಗೆ ಅಡವಿಡಲಿಕ್ಕೆ ಒಂದು ಕಾಗದ ಇಲ್ಲ.

ಇಷ್ಟಾದ ಮೇಲೆ ಉಳಿಯುವ ದಾರಿ ಎರಡು. ಒಂದು, ಖಾಸಗಿ ಫೈನಾನ್ಸ್ ಕಂಪನಿ. ಅಡಮಾನ ಕೇಳುವುದಿಲ್ಲ, ಬಡ್ಡಿ ಜಾಸ್ತಿ. ಓದು ಮುಗಿಯುವ ಮೊದಲೇ ತಿಂಗಳು ತಿಂಗಳು ಬಡ್ಡಿ ಕಟ್ಟಿಸಿಕೊಳ್ಳುವ ಕಂಪನಿಗಳೂ ಇವೆ. ಇನ್ನೊಂದು, ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಫ್ಲ್ಯಾಟು, ಹುಬ್ಬಳ್ಳಿಯಲ್ಲಿರುವ ಮಾವನ ಸೈಟು. ಚಿಕ್ಕಪ್ಪ ದೊಡ್ಡ ಮನಸ್ಸಿನಿಂದ ಸಹಿ ಹಾಕುತ್ತಾರೆ. ಅಲ್ಲಿಂದ ಮುಂದೆ ಆ ಹುಡುಗ ಒಂದು ಸಬ್ಜೆಕ್ಟ್ ಫೇಲ್ ಆದರೂ ಅದು ಎರಡು ಮನೆಯ ಸುದ್ದಿ. ಕೋರ್ಸು ತನಗೆ ಹಿಡಿಸುತ್ತಿಲ್ಲ ಅನ್ನುವ ಹಾಗಿಲ್ಲ. ತಂಗಿಯ ಮದುವೆಗೆ ಬರಲಾಗದಿದ್ದರೆ ನಡೆಯುತ್ತದೆ. ಕೆಲಸ ಸಿಗದೆ ಬರುವ ಹಾಗಿಲ್ಲ.

ಲೆಕ್ಕ ಸರಳ. 30 ಲಕ್ಷಕ್ಕೆ ಶೇ 10ರ ಬಡ್ಡಿ ಹಿಡಿದರೂ ವರ್ಷಕ್ಕೆ 3 ಲಕ್ಷ, ತಿಂಗಳಿಗೆ 25 ಸಾವಿರ. ಅಸಲು ಬಿಟ್ಟು. ಬ್ಯಾಂಕು ಕಂತು ಶುರು ಮಾಡಲು ಓದು ಮುಗಿದು ಒಂದು ವರ್ಷ ಬಿಡುತ್ತದೆ, ಆದರೆ ಬಡ್ಡಿಯ ಮೀಟರ್ ಮೊದಲ ದಿನದಿಂದಲೇ ಓಡುತ್ತಿರುತ್ತದೆ. ಶಿರಸಿಯಲ್ಲೋ ಕಾರವಾರದಲ್ಲೋ ಹೊಸದಾಗಿ ಕೆಲಸಕ್ಕೆ ಸೇರಿದವನಿಗೆ ಬರುವ ಸಂಬಳ ಎಷ್ಟು? ಬಡ್ಡಿಗೇ ಸಾಕಾಗುವುದಿಲ್ಲ. ಹಾಗಾಗಿ "ಅವನಿಗೆ ಊರು ಬೇಡವಾಯ್ತು" ಅಂತ ಸುಮ್ನೆ ಹೇಳಿಬಿಡುವುದು ನನಗೆ ಸರಿ ಕಾಣುವುದಿಲ್ಲ. ರೂಪಾಯಿಯಲ್ಲಿ ತೀರದ ಸಾಲ ತಲೆಯ ಮೇಲಿದ್ದರೆ ಡಾಲರ್ ಇರುವ ಕಡೆ ಉಳಿಯಲೇಬೇಕು. ಇದಕ್ಕೆ ನಾವು ಸಂಸ್ಕೃತಿ, ಬೇರು, ತಲೆಮಾರಿನ ಬದಲಾವಣೆ ಅಂತೆಲ್ಲ ಹೆಸರು ಕೊಡುತ್ತೇವೆ.

ಕಾಲದ ಲೆಕ್ಕವೂ ನಮ್ಮ ವಿರುದ್ಧವೇ ಇದೆ. ಹೊರದೇಶದ ಹೆಚ್ಚಿನ ಕೋರ್ಸು ಶುರುವಾಗುವುದು ಆಗಸ್ಟ್, ಸೆಪ್ಟೆಂಬರಿನಲ್ಲಿ. ಫೀ, ವಿಮಾನದ ಟಿಕೆಟ್, ಎಲ್ಲ ಆಗಲೇ ಬೇಕು. ತೋಟದಲ್ಲಿ ಅದು ಕೊಳೆ ರೋಗದ ಕಾಲ. ಮೈಲುತುತ್ತ ಹೊಡೆಸಲಿಕ್ಕೆ ದುಡ್ಡು ಹೊರಡುವ ಹೊತ್ತು, ಬರುವ ಹೊತ್ತಲ್ಲ. ಕೊನೆ ಕೊಯ್ದು, ಬೇಯಿಸಿ, ಒಣಗಿಸಿ, ಅಡಿಕೆ ಸೊಸೈಟಿಗೆ ಹೋಗಿ ದುಡ್ಡಾಗುವಾಗ ಎರಡನೇ ಸೆಮಿಸ್ಟರ್ ಶುರುವಾಗಿರುತ್ತದೆ. ಈಚೆಗೆ ಎಲೆಚುಕ್ಕಿ ರೋಗ ಬೇರೆ. ಜರ್ಮನಿಯಲ್ಲಿ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ ಅಂತ ತುಂಬಾ ಮಂದಿ ಅತ್ತ ನೋಡುತ್ತಾರೆ. ನಿಜ. ಆದರೆ ವೀಸಾ ಬೇಕಾದರೆ ಒಂದು ವರ್ಷದ ಖರ್ಚು 11,904 ಯೂರೋ, ಅಂದರೆ 12 ಲಕ್ಷದಾಚೆ, ಮೊದಲೇ ಖಾತೆಯಲ್ಲಿ ಇಟ್ಟು ತೋರಿಸಬೇಕು. ತಿಂಗಳಿಗೆ 992 ಯೂರೋ ಮಾತ್ರ ತೆಗೆಯಬಹುದು. ಕೆನಡಾ ಕೇಳುತ್ತಿದ್ದದ್ದು 10,000 ಡಾಲರ್. 2024ರ ಜನವರಿಯಿಂದ ಅದು ಒಮ್ಮೆಲೇ 20,635 ಆಯಿತು.

ವೀಸಾದ ಮಾತಿಗೆ ಬಂದೆವು. 2023–24ರಲ್ಲಿ ಅಮೆರಿಕದಲ್ಲಿ 3,31,602 ಭಾರತೀಯ ವಿದ್ಯಾರ್ಥಿಗಳಿದ್ದರು. ಹದಿನೈದು ವರ್ಷಗಳಲ್ಲಿ ಮೊದಲ ಸಲ ಚೀನಾದವರಿಗಿಂತ ನಮ್ಮವರು ಜಾಸ್ತಿಯಾದ ವರ್ಷ ಅದು. ಆಮೇಲಿನ ಎರಡು ವರ್ಷಗಳಲ್ಲಿ ಆದದ್ದನ್ನು ನೋಡಿ. ಕೆನಡಾ 2024ರಲ್ಲಿ ವಿದ್ಯಾರ್ಥಿ ಪರವಾನಗಿಗಳಿಗೆ ಮಿತಿ ಹಾಕಿತು. ಬ್ರಿಟನ್ ಅದೇ ವರ್ಷದ ಜನವರಿಯಿಂದ ಸಾಮಾನ್ಯ ಮಾಸ್ಟರ್ಸ್ ಓದುವವರು ಗಂಡ, ಹೆಂಡತಿ, ಮಕ್ಕಳನ್ನು ಕರೆತರುವುದನ್ನು ನಿಲ್ಲಿಸಿತು. ಓದಿನ ನಂತರ ಅಲ್ಲಿ ಉಳಿಯಲು ಕೊಡುತ್ತಿದ್ದ 2 ವರ್ಷವನ್ನು, 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ 18 ತಿಂಗಳಿಗೆ ಇಳಿಸಿದೆ. ಅಮೆರಿಕ 2025ರ ಮೇ ಕೊನೆಗೆ ಹೊಸ ವಿದ್ಯಾರ್ಥಿ ವೀಸಾ ಸಂದರ್ಶನಗಳನ್ನೇ ಕೆಲವು ವಾರ ತಡೆಹಿಡಿಯಿತು, ಮತ್ತೆ ಶುರು ಮಾಡಿದಾಗ ಸೋಷಿಯಲ್ ಮೀಡಿಯಾ ಖಾತೆಗಳನ್ನು ತೆರೆದು ತೋರಿಸಿ ಅಂದಿತು. ಸೆಪ್ಟೆಂಬರಿನಲ್ಲಿ ಎಚ್-1ಬಿ ಅನ್ನುವ ಕೆಲಸದ ವೀಸಾಗೆ 1 ಲಕ್ಷ ಡಾಲರ್ ಶುಲ್ಕ ಅಂತ ಘೋಷಣೆಯಾಯಿತು. ಅಲ್ಲೇ ಓದಿ ಅಲ್ಲಿಂದಲೇ ವೀಸಾ ಬದಲಿಸಿಕೊಳ್ಳುವವರಿಗೆ ಇದು ಅನ್ವಯಿಸುವುದಿಲ್ಲ ಅಂತ ಸ್ಪಷ್ಟವಾಗುವಾಗ ಒಂದು ತಿಂಗಳು ಕಳೆದಿತ್ತು. ಸಾಲ ಮಾಡಿ ಕೂತವರಿಗೆ ಆ ಒಂದು ತಿಂಗಳು ಹೇಗೆ ಹೋಗಿರಬಹುದು ಅಂತ ಯೋಚಿಸಿ.

ಭಟ್ಕಳದವರನ್ನು ಇಲ್ಲಿ ಹೋಲಿಸಿ ನೋಡಬೇಕು. ಅಲ್ಲಿನ ನವಾಯತ ಮುಸ್ಲಿಂ ಕುಟುಂಬಗಳಿಗೆ ಗಲ್ಫ್ ಅಂದರೆ ಹೊಸತೇನಲ್ಲ. ಅಲ್ಲಿಗೆ ಹೋಗುವವನಿಗೆ ಮೊದಲ ದಿನವೇ ಗೊತ್ತು, ಆ ದೇಶ ತನ್ನನ್ನು ನಾಗರಿಕ ಮಾಡಿಕೊಳ್ಳುವುದಿಲ್ಲ. ದುಡಿಯುವುದು ಅಲ್ಲಿ, ಮನೆ ಕಟ್ಟುವುದು ಭಟ್ಕಳದಲ್ಲಿ. ತಾನು ಎಲ್ಲಿಯವನು ಅನ್ನುವ ಗೊಂದಲಕ್ಕೆ ಜಾಗ ಕಡಿಮೆ. ಓದಲು ಕೆನಡಾಕ್ಕೋ ಬ್ರಿಟನ್ನಿಗೋ ಹೋದವರಿಗೆ ಆ ದೇಶ ಇರು ಅನ್ನುವುದಿಲ್ಲ, ಹೋಗು ಅಂತಲೂ ಅನ್ನುವುದಿಲ್ಲ. ನಿಯಮ ಬದಲಾದಾಗಲೆಲ್ಲ ಬದುಕಿನ ಪ್ಲ್ಯಾನು ಬದಲು. ಅಲ್ಲಿಯ ಮಾತಿನ ಧಾಟಿ ಕಲಿಯಬೇಕೋ ಬೇಡವೋ, ಕಾರು ತಗೊಳ್ಳಬೇಕೋ ಬೇಡವೋ, ಊರಲ್ಲಿ ಹೆಣ್ಣು ನೋಡಿ ಅನ್ನಬೇಕೋ ಬೇಡವೋ. ಎಲ್ಲವೂ ಮುಂದಿನ ಸುತ್ತೋಲೆಯವರೆಗೆ ಬಾಕಿ.

ಗುರುತಿನ ವಿಷಯದಲ್ಲಿ ನಮ್ಮ ಮಕ್ಕಳು ಒಂದು ಅರ್ಥದಲ್ಲಿ ಪಳಗಿದವರು. ಪಿಯುಸಿಗೇ ಮೂಡುಬಿದಿರೆ, ಧಾರವಾಡ ಅಂತ ಮನೆ ಬಿಟ್ಟಿರುತ್ತಾರೆ. ಹವಿಗನ್ನಡವನ್ನೋ ಹಾಲಕ್ಕಿ ಕನ್ನಡವನ್ನೋ ಕಾರವಾರದ ಕೊಂಕಣಿಯನ್ನೋ ಹಾಸ್ಟೆಲಿನ ಬಾಗಿಲಲ್ಲಿ ಬಿಟ್ಟು ಒಳಗೆ ಹೋಗುವುದು ಅಲ್ಲೇ ರೂಢಿಯಾಗಿರುತ್ತದೆ. ಬೆಂಗಳೂರಿಗೆ ಹೋದರೆ "ನೀವು ಮಂಗಳೂರು ಕಡೆಯವರಾ?" ಅಂತ ಕೇಳುತ್ತಾರೆ. ಇಲ್ಲ ಅಂತ ನಾಲ್ಕು ಸಲ ಹೇಳಿ ಐದನೇ ಸಲ ಹೌದು ಅಂದುಬಿಡುವವರೂ ಇದ್ದಾರೆ. ಹೊರದೇಶದಲ್ಲಿ ಆಗುವುದು ಅದರ ಮುಂದಿನ ಹಂತ. ಅಲ್ಲಿಯವರಿಗೆ ಎಲ್ಲರೂ ಇಂಡಿಯನ್. ಇಂಡಿಯನ್ ಅಂದರೆ ಹಿಂದಿ, ಬಾಲಿವುಡ್, ಬಟರ್ ಚಿಕನ್. ಅಪ್ಪೆಹುಳಿ ಕುಡಿದು ಬೆಳೆದವನೂ ಹೋಳಿಯ ಬಣ್ಣ ಹಚ್ಚಿಕೊಂಡು ಫೋಟೋಕ್ಕೆ ನಿಲ್ಲುತ್ತಾನೆ. ಅಮೆರಿಕದ ಎಷ್ಟೋ ಊರುಗಳಲ್ಲಿ ತೆಲುಗು ಹುಡುಗರೇ ಜಾಸ್ತಿ ಇರುವುದರಿಂದ ಇವನು ಅಲ್ಲಿ ಇಂಗ್ಲಿಷಿಗಿಂತ ಮೊದಲು ತೆಲುಗು ಸುಧಾರಿಸಿಕೊಳ್ಳುತ್ತಾನೆ. ಕಾರವಾರದವರಿಗೆ ಒಂದು ಅನುಕೂಲ, ಕೊಂಕಣಿಯಿಂದ ಗೋವಾದವರೂ ಸಿಗುತ್ತಾರೆ. ಇಂಗ್ಲೆಂಡಿನ ಸ್ವಿಂಡನ್‌ನಂಥ ಊರಲ್ಲಿ ಗೋವಾದವರದ್ದು ದೊಡ್ಡ ಗುಂಪೇ ಇದೆ. ಕಾಳಿ ನದಿ ದಾಟಿದ ಹಾಗೆ ಮಾತಾಡಬಹುದು.

ಅಡ್ಡಹೆಸರಿನಲ್ಲೂ ನಮಗೊಂದು ಲಾಭವಿದೆ. ಮುಂಬೈ ಪ್ರಾಂತ್ಯದಲ್ಲಿದ್ದ ಜಿಲ್ಲೆಯಾದ್ದರಿಂದ ಇಲ್ಲಿ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಅಂತ ಮೂರೂ ಇರುತ್ತವೆ. ಬರೀ ಇನಿಷಿಯಲ್ ಇರುವ ಹಳೇ ಮೈಸೂರಿನವರು ವೀಸಾ ಫಾರ್ಮಿನಲ್ಲಿ ಪಡುವ ಪಾಡು ನಮಗಿಲ್ಲ. ಆದರೆ ಅದೇ ಅಡ್ಡಹೆಸರನ್ನು ಇನ್ನೊಬ್ಬ ಭಾರತೀಯ ಓದುವ ರೀತಿಯೇ ಬೇರೆ. ಗೌಡ ಅಂದರೆ ಮಂಡ್ಯದ ಒಕ್ಕಲಿಗ ಅಂದುಕೊಳ್ಳುತ್ತಾರೆ. ಇಲ್ಲಿ ಹಾಲಕ್ಕಿ ಸಮುದಾಯದವರು ಇರಬಹುದು. ನಾಯ್ಕ ಬೇರೆ, ಅಂಕೋಲೆಯ ನಾಡವರ ನಾಯಕ ಬೇರೆ, ಮಂಗಳೂರಿನ ನಾಯಕ್ ಮತ್ತೂ ಬೇರೆ. ಸಾವಿರಾರು ಮೈಲಿ ದೂರದ ಹಂಚಿಕೊಂಡ ಅಡುಗೆಮನೆಯಲ್ಲೂ "ಯಾವ ಗೌಡ?" ಅಂತ ಯಾರೋ ಒಬ್ಬರು ಕೇಳಿಯೇ ಕೇಳುತ್ತಾರೆ. ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ 2022ರಲ್ಲಿ ತಾರತಮ್ಯ ವಿರೋಧಿ ನೀತಿಗೆ ಜಾತಿಯನ್ನೂ ಸೇರಿಸಿದ್ದು, ಸಿಯಾಟಲ್ ನಗರ 2023ರಲ್ಲಿ ಜಾತಿ ತಾರತಮ್ಯವನ್ನು ನಿಷೇಧಿಸಿದ್ದು ಸುಮ್ಮನೆ ಅಲ್ಲ. ಹಾಲಕ್ಕಿ ಸಮುದಾಯದ ತುಳಸಿ ಗೌಡರು 2021ರಲ್ಲಿ ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ತಗೊಂಡ ಫೋಟೋ ಲೋಕವೆಲ್ಲ ಸುತ್ತಿತಲ್ಲ, ಆಗ ನಮ್ಮವರೆಲ್ಲ "ಇವರು ನಮ್ಮ ಜಿಲ್ಲೆಯವರು" ಅಂತ ಎದೆಯುಬ್ಬಿಸಿ ಶೇರ್ ಮಾಡಿದರು. ಊರಲ್ಲಿದ್ದಾಗ ಅವರ ಪಂಕ್ತಿಯಲ್ಲಿ ಕೂತು ಉಂಡವರು ಅದರಲ್ಲಿ ಎಷ್ಟು ಜನ ಅಂತ ನಾನು ಕೇಳಿದರೆ ಜಗಳವಾಗುತ್ತದೆ.

ಕೆಲಸದ ವಿಷಯದಲ್ಲಿ ಈ ಜಾತಿ ಪ್ರಶ್ನೆ ಮೈಗೇ ಬರುತ್ತದೆ. ಓದುತ್ತಾ ದುಡಿಯಲು ಬ್ರಿಟನ್ನಿನಲ್ಲಿ ವಾರಕ್ಕೆ 20 ಗಂಟೆ, ಕೆನಡಾದಲ್ಲಿ ಈಗ 24 ಗಂಟೆ, ಜರ್ಮನಿಯಲ್ಲಿ ವರ್ಷಕ್ಕೆ 140 ಪೂರ್ತಿ ದಿನ ಅವಕಾಶ. ಸುಲಭಕ್ಕೆ ಸಿಗುವುದು ಹೋಟೆಲಿನ ಅಡುಗೆಮನೆ, ಗೋಡೌನ್, ಸೂಪರ್ ಮಾರ್ಕೆಟ್. ಮನೆಯಲ್ಲಿ ತಾನುಂಡ ಬಾಳೆ ಎಲೆಯನ್ನೂ ಎತ್ತದ ಹುಡುಗ ಅಲ್ಲಿ ಊರವರ ತಟ್ಟೆ ತೊಳೆಯುತ್ತಾನೆ. ಜನಿವಾರದವನು ಬರ್ಗರ್ ಅಂಗಡಿಯಲ್ಲಿ ದನದ ಮಾಂಸ ಮಗುಚುತ್ತಾನೆ. ಮನೆಯವರು ಕೇಳಿದರೆ "ಲೈಬ್ರರಿಯಲ್ಲಿ ಕೆಲಸ" ಅಂತ ಉತ್ತರ. ಮೀನುಗಾರರ ಕೇರಿಯಿಂದ ಹೋದವರಿಗೆ ಈ ಸುಳ್ಳಿನ ಅಗತ್ಯವೇ ಬೀಳುವುದಿಲ್ಲ, ಕೈಕೆಲಸ ಅವರಿಗೆ ಅವಮಾನವಲ್ಲ. ಮೇಲ್ಜಾತಿಯ ಮನೆಗಳಲ್ಲಿ ಇದೊಂದು ದೊಡ್ಡ ಪಾಠ. ಆದರೆ ಪಾಠ ಕಲಿತವನು ಅದನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳದಿದ್ದರೆ, ಊರಲ್ಲಿ ಕೊಟ್ಟೆ ಹೊರುವ ಆಳಿನ ಬಗ್ಗೆ ಮನೆಯವರ ನೋಟ ಬದಲಾಗುವುದು ಹೇಗೆ? ನನಗೆ ತಟ್ಟೆ ತೊಳೆಯುವುದಕ್ಕಿಂತ ಈ ಮುಚ್ಚಿಡುವುದು ದೊಡ್ಡ ಸಮಸ್ಯೆ ಅನ್ನಿಸುತ್ತದೆ. ಕೆಲಸ ಮುಚ್ಚಿಟ್ಟವರು ಆಮೇಲೆ ಫೇಲ್ ಆದದ್ದನ್ನು ಮುಚ್ಚಿಡುತ್ತಾರೆ, ನಿದ್ದೆ ಬಾರದ್ದನ್ನು ಮುಚ್ಚಿಡುತ್ತಾರೆ, ಬಾಡಿಗೆ ಬಾಕಿಯನ್ನು ಮುಚ್ಚಿಡುತ್ತಾರೆ. ಚಿಕ್ಕಪ್ಪನ ಫ್ಲ್ಯಾಟು ಅಡವಿದ್ದಾಗ ಬೇರೇನು ಮಾಡಿಯಾರು?

ಮುಚ್ಚಿಡುವುದು ಎರಡೂ ಕಡೆಯಿಂದ ನಡೆಯುತ್ತದೆ. ಅಪ್ಪನಿಗೆ ಎದೆನೋವು ಬಂದದ್ದು ಮಗಳಿಗೆ ಪರೀಕ್ಷೆ ಮುಗಿದ ಮೇಲೆ ಗೊತ್ತಾಗುತ್ತದೆ. ಇದು ಎಲ್ಲ ಊರಿನ ಕಥೆ ಅನ್ನಬಹುದು. ಆದರೆ ಉತ್ತರ ಕನ್ನಡದಲ್ಲಿ ಎದೆನೋವು ಅಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾ. ಕಾರವಾರದಲ್ಲಿ ಮೆಡಿಕಲ್ ಕಾಲೇಜು ಬಂದಿದೆ, ಆದರೂ ದೊಡ್ಡ ಕಾಯಿಲೆಗೆ ಜಿಲ್ಲೆ ದಾಟುವುದು ತಪ್ಪಿಲ್ಲ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2022ರಲ್ಲಿ ಸೋಷಿಯಲ್ ಮೀಡಿಯಾದಲ್ಲಿ ದೊಡ್ಡ ಅಭಿಯಾನವೇ ನಡೆದಿತ್ತು. ಮಳೆಗಾಲದಲ್ಲಿ ಘಟ್ಟದ ರಸ್ತೆ ಬೇರೆ ಕುಸಿಯುತ್ತದೆ. ಮರ ಬಿದ್ದು ಕರೆಂಟು ಹೋದರೆ ನೆಟ್‌ವರ್ಕೂ ಹೋಯಿತು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಮೂರು ವಾರ ಕಳೆಯುತ್ತಿದ್ದಂತೆ, ಆಗಸ್ಟ್ 7ರ ನಸುಕಿನಲ್ಲಿ, ಕಾರವಾರದ ಕಾಳಿ ಹಳೆ ಸೇತುವೆ ಮುರಿದು ಬಿತ್ತು. ಇಂಥ ಸುದ್ದಿ ಮೊಬೈಲಿನಲ್ಲಿ ಟೊರಾಂಟೊಗೆ ಕ್ಷಣದಲ್ಲಿ ತಲುಪುತ್ತದೆ, ಮನೆಯ ಫೋನು ಮಾತ್ರ ಸಿಗುವುದಿಲ್ಲ. ಬೆಂಗಳೂರಿನ ಅಪ್ಪ-ಅಮ್ಮನನ್ನು ಬಿಟ್ಟು ಹೋದವರ ಚಿಂತೆಗೂ ಇದಕ್ಕೂ ವ್ಯತ್ಯಾಸವಿದೆ.

ಬಂದು ನೋಡಿ ಹೋಗೋಣ ಅಂದರೆ ಅದೂ ಸಲೀಸಲ್ಲ. ಶಿರಸಿ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ. ಎರಡು ವರ್ಷದ ಎಂಎಸ್ ಅಂದರೆ ಒಂದು ಜಾತ್ರೆ ತಪ್ಪಿತು ಅಂತ ಲೆಕ್ಕ ಹಾಕಿಕೊಂಡು ಹೊರಡುವವರಿದ್ದರು. 2025ರಲ್ಲಿ ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳೇ ತಮ್ಮ ಹೊರದೇಶದ ವಿದ್ಯಾರ್ಥಿಗಳಿಗೆ, ಅಗತ್ಯವಿಲ್ಲದೆ ದೇಶ ಬಿಟ್ಟು ಹೋಗಬೇಡಿ, ವಾಪಸ್ ಬರುವುದು ಕಷ್ಟವಾದೀತು ಅಂತ ಸಲಹೆ ಕೊಟ್ಟವು. ಎರಡನೇ ಜಾತ್ರೆಯೂ ತಪ್ಪಿತು.

ಹೆಣ್ಣುಮಕ್ಕಳದ್ದು ಬೇರೆ ಕಥೆ, ಅದಕ್ಕೆ ಇನ್ನೊಂದು ಲೇಖನವೇ ಬೇಕು. ಒಂದು ಮಾತು ಮಾತ್ರ ಹೇಳುತ್ತೇನೆ. ರಾತ್ರಿ ಒಂಬತ್ತಕ್ಕೆ ಒಬ್ಬಳೇ ಬಸ್ಸಿನಲ್ಲಿ ಬಂದು, ತನ್ನ ಕೀಲಿಯಿಂದ ತನ್ನ ಬಾಗಿಲು ತೆಗೆದು ಅಭ್ಯಾಸವಾದವಳಿಗೆ ಊರಿಗೆ ಮರಳುವುದೆಂದರೆ ಸಂಬಳ ಕಡಿಮೆಯಾಗುವುದು ಒಂದೇ ಅಲ್ಲ. ಅವಳು ಮರಳದಿದ್ದಾಗ ನಾವು "ಅಲ್ಲಿಯ ಗಾಳಿ ಬೀಸಿತು" ಅನ್ನುತ್ತೇವೆ, ಮಗ ಮರಳದಿದ್ದಾಗ "ಅಲ್ಲಿ ಒಳ್ಳೆ ಕೆಲಸ ಇದೆ" ಅನ್ನುತ್ತೇವೆ.

ಹಾಗಾದರೆ ಏನು ಮಾಡುವುದು? ಹೋಗಬೇಡಿ ಅನ್ನುವುದು ನನ್ನ ಮಾತಲ್ಲ. ಆದರೆ ಅಡ್ಮಿಷನ್ ಕೊಡಿಸುವ ಏಜೆಂಟರ ಹತ್ತಿರ ಕೂತಾಗ ರ‍್ಯಾಂಕಿಂಗ್ ಕೇಳುವ ಬದಲು, ಕೆಲಸ ಸಿಗದೆ ವಾಪಸ್ ಬಂದರೆ ತಿಂಗಳ ಕಂತು ಎಷ್ಟು, ಅದನ್ನು ಯಾರು ಕಟ್ಟುತ್ತಾರೆ ಅಂತ ಮನೆಮಂದಿಯೆಲ್ಲ ಸೇರಿ ಒಂದು ಹಾಳೆಯಲ್ಲಿ ಬರೆದು ನೋಡಬೇಕು. ಚಿಕ್ಕಪ್ಪನೂ ಆ ಹಾಳೆ ನೋಡಲಿ. ಆ ಮೊತ್ತ ತಡೆಯುವ ಹಾಗಿದ್ದರೆ ಮಗ ತಟ್ಟೆ ತೊಳೆಯುವುದನ್ನು ಧೈರ್ಯವಾಗಿ ಹೇಳುತ್ತಾನೆ, ಬೇಡ ಅನ್ನಿಸಿದರೆ ಬರುತ್ತಾನೆ. ತಡೆಯದಿದ್ದರೆ ಕೋರ್ಸು ಬದಲಿಸಬೇಕು, ಇಲ್ಲವೇ ದೇಶ ಬದಲಿಸಬೇಕು, ಇಲ್ಲವೇ ಎರಡು ವರ್ಷ ಇಲ್ಲೇ ದುಡಿದು ಆಮೇಲೆ ಹೊರಡಬೇಕು. ವಿದೇಶಾಂಗ ಇಲಾಖೆಯ ಮದದ್ ಪೋರ್ಟಲಿನಲ್ಲಿ ಹೆಸರು ನೋಂದಾಯಿಸಿ ಹೊರಡಿ. ತೊಂದರೆಯಾದಾಗ ರಾಯಭಾರ ಕಚೇರಿಗೆ ದೂರು ಮುಟ್ಟಿಸಲು ಇರುವ ದಾರಿ ಅದು.

ಸಾಲದ ಗಂಟನ್ನು ಸ್ವಲ್ಪವಾದರೂ ಸಡಿಲಿಸುವ ಶಕ್ತಿ ನಮ್ಮ ಸಹಕಾರಿ ಸಂಘಗಳಿಗಿದೆ ಅಂತ ನನ್ನ ಅಂದಾಜು. ಅಡಿಕೆ ಬೆಳೆಗಾರರ ಮಾರಾಟ ಸಹಕಾರಿ ಸಂಘವಾದ ಶಿರಸಿಯ ಟಿಎಸ್‌ಎಸ್ ಶುರುವಾದದ್ದು 1923ರಲ್ಲಿ. ಹಳ್ಳಿ ಹಳ್ಳಿಯ ಸೇವಾ ಸಹಕಾರಿ ಸಂಘಗಳಿಗೆ ಯಾವ ಸದಸ್ಯನ ತೋಟದಲ್ಲಿ ವರ್ಷಕ್ಕೆ ಎಷ್ಟು ಕ್ವಿಂಟಲ್ ಆಗುತ್ತದೆ, ಯಾರು ಬಾಕಿ ಇಡುತ್ತಾರೆ, ಯಾರು ಇಡುವುದಿಲ್ಲ ಅನ್ನುವುದೆಲ್ಲ ಗೊತ್ತು. ಪೇಟೆಯ ಬ್ಯಾಂಕಿಗೆ ಬೆಲೆಯಿಲ್ಲದ ತೋಟಕ್ಕೆ ಇಲ್ಲಿ ಬೆಲೆ ಇದೆ. 30 ಲಕ್ಷವನ್ನು ಸಂಘ ಕೊಡಲಾಗದು, ಕೊಡುವುದು ಸಂಘಕ್ಕೂ ಒಳ್ಳೆಯದಲ್ಲ. ಆದರೆ ಆಗಸ್ಟಿಗೂ ಕೊಯ್ಲಿಗೂ ನಡುವಿನ ನಾಲ್ಕೈದು ತಿಂಗಳ ಫೀಯನ್ನು, ಬರುವ ಬೆಳೆಯ ಮೇಲೆ, ಫೈನಾನ್ಸ್ ಕಂಪನಿಗಿಂತ ಕಡಿಮೆ ಬಡ್ಡಿಗೆ ಕೊಡುವುದು ಸಾಧ್ಯವೇ? ತೋಟವೇ ಇಲ್ಲದ ಕರಾವಳಿಯ ಮನೆಗಳಿಗೆ ಮೀನುಗಾರರ ಸಹಕಾರಿಗಳು ಏನು ಮಾಡಬಹುದು? ಸಹಕಾರಿ ಸಂಘಗಳ ವಾರ್ಷಿಕ ಸಭೆ ಸೆಪ್ಟೆಂಬರಿನೊಳಗೆ ಮುಗಿಯಬೇಕು. ನೋಟಿಸು ಮನೆಗೆ ಬಂದಾಗ ಹೋಗಿ ಕೇಳಿ.